ಕಂಡದ್ದನ್ನು ಬಚ್ಚಿಡದ ಮಂತ್ರಿ

ಓದುಗರೇ, ಮುಸ್ಲಿಮ್ ಸ್ಪೇನ್ ಎಂದೊಡನೆ ನಿಮಗೆ ಕುರ್ತುಬಾದ ಮಸೀದಿ ನೆನಪಾಗುತ್ತದೆ, ಗ್ರಾನಡಾದ ಅಲ್‌ಹಮ್ರಾ ಅರಮನೆ ನೆನಪಾಗುತ್ತದೆ. ಆ ಅರಮನೆಯ ಗೋಡೆಗಳಲ್ಲಿ ಕೆತ್ತಲಾಗಿರುವ ಕವಿತೆಗಳಲ್ಲಿ ಕೆಲವನ್ನು ಬರೆದವರು ಅಲ್ಲಿನ ಒಬ್ಬ ಮಂತ್ರಿ. ಅದೇ ಮಂತ್ರಿಯ ಲೇಖನಿಯಿಂದ ಪ್ಲೇಗ್ ರೋಗದ ಕುರಿತೂ ಒಂದು ಕಿರುಗ್ರಂಥ ಹೊರಬಂದಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು.

ಅವರ ಹೆಸರು ಲಿಸಾನುದ್ದೀನ್ ಇಬ್ನುಲ್ ಖತೀಬ್. 1313ರಲ್ಲಿ ಗ್ರಾನಡಾದ ಸಮೀಪದ ಲೋಜಾ ಎಂಬ ಊರಿನಲ್ಲಿ ಜನನ. ಧರ್ಮಶಾಸ್ತ್ರ, ಭಾಷೆ, ಸಾಹಿತ್ಯಗಳ ಜೊತೆಗೆ ವೈದ್ಯಶಾಸ್ತ್ರವನ್ನೂ ಗುರುಮುಖೇನ ಕಲಿತರು. 1340ರಲ್ಲಿ ತರೀಫಾದ ಬಳಿ ನಡೆದ ಯುದ್ಧದಲ್ಲಿ ತಂದೆಯನ್ನೂ ಅಣ್ಣನನ್ನೂ ಒಟ್ಟಿಗೆ ಕಳಕೊಂಡರು. ಆ ಬಳಿಕ ಸುಲ್ತಾನ್ ಒಂದನೇ ಯೂಸುಫರ ಆಸ್ಥಾನದಲ್ಲಿ, ಕವಿಯೂ ಮಂತ್ರಿಯೂ ಆಗಿದ್ದ ಇಬ್ನುಲ್ ಜಯ್ಯಾಬರ ಕೈಕೆಳಗೆ ಪತ್ರ ಬರೆಯುವ ಕೆಲಸಕ್ಕೆ ಸೇರಿದರು. ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಹಗಲು ರಾಜ್ಯದ ಕೆಲಸ, ರಾತ್ರಿ ಗ್ರಂಥರಚನೆ. ಇದರಿಂದಾಗಿಯೇ ಜನರು ಅವರನ್ನು ಎರಡು ಆಯುಸ್ಸಿನವರು ಎಂಬ ಅರ್ಥದಲ್ಲಿ ದುಲ್ ಉಮ್ರೈನ್ ಎಂದು ಕರೆದರು. ಬರೆದ ಗ್ರಂಥಗಳು ಸುಮಾರು 60.

1348ರ ಬೇಸಗೆಯಲ್ಲಿ ಪ್ಲೇಗ್ ಅಲ್ಮೇರಿಯಾ ಬಂದರಿಗೆ ಕಾಲಿಟ್ಟಿತು. ಅಲ್ಲಿಂದ ಊರೂರಿಗೆ ಹಬ್ಬಿತು. 1349ರಲ್ಲಿ ಗುರು ಇಬ್ನುಲ್ ಜಯ್ಯಾಬರೂ ಅದಕ್ಕೆ ಬಲಿಯಾದರು. ಗುರುವಿನ ಸ್ಥಾನಕ್ಕೆ ಶಿಷ್ಯನ ನೇಮಕವಾಯಿತು. ಇಬ್ನುಲ್ ಖತೀಬರು ಅಧಿಕಾರದ ಮೆಟ್ಟಿಲೇರಿದ್ದು ಹೀಗೆ, ಪ್ಲೇಗ್ ತೆರವುಗೊಳಿಸಿದ ಪೀಠದ ಮೂಲಕ.

ಆಗ ಜನರ ಮುಂದಿದ್ದ ಪ್ರಶ್ನೆಯನ್ನು ಸ್ವಲ್ಪ ಊಹಿಸಿಕೊಳ್ಳಿ. ರೋಗಿಯ ಮನೆಗೆ ಹೋಗಬಹುದೇ? ಸತ್ತವರ ಬಟ್ಟೆಯನ್ನು ತೊಡಬಹುದೇ? ದೂರ ನಿಂತರೆ ತವಕ್ಕುಲ್‌ಗೆ ಭಂಗವೇ? ಸಾಂಕ್ರಾಮಿಕ ಎಂಬುದು ಇಲ್ಲ ಎಂಬ ಅರ್ಥದ ಹದೀಸಿನ ಮೇಲ್ಮುಖದ ಅರ್ಥವನ್ನೇ ಹಿಡಿದು, ರೋಗ ಒಬ್ಬರಿಂದೊಬ್ಬರಿಗೆ ದಾಟುವುದೇ ಇಲ್ಲವೆಂದು ಫತ್ವಾ ನೀಡಿದ ವಿದ್ವಾಂಸರು ಆ ನಾಡಿನಲ್ಲಿದ್ದರು. ಅವರ ಮಾತನ್ನು ನಂಬಿ ಜನರು ರೋಗಿಗಳೊಂದಿಗೆ ಬೆರೆತರು.

ಇಬ್ನುಲ್ ಖತೀಬರು ತಮ್ಮ ಗ್ರಂಥಕ್ಕೆ ಇಟ್ಟ ಹೆಸರಿನ ತಾತ್ಪರ್ಯವೇ ಭಯಾನಕ ರೋಗದ ಕುರಿತು ಕೇಳುವವನಿಗೆ ತೃಪ್ತಿಕರವಾದ ಉತ್ತರ ಎಂಬುದು. ಅವರು ತರ್ಕದಿಂದ ಆರಂಭಿಸಲಿಲ್ಲ, ಕಂಡದ್ದರಿಂದ ಆರಂಭಿಸಿದರು. ರೋಗಿಯ ಹತ್ತಿರ ಹೋದವನು ಸಾಯುತ್ತಾನೆ, ಹೋಗದವನು ಉಳಿಯುತ್ತಾನೆ. ಒಂದು ಬಟ್ಟೆ, ಒಂದು ಪಾತ್ರೆ, ಕಿವಿಗೆ ಹಾಕಿದ ಒಂದು ಓಲೆಯಿಂದಲೂ ರೋಗ ಮನೆಯೊಳಗೆ ಬರುತ್ತದೆ. ಮೊದಲು ಒಂದು ಮನೆ, ಆಮೇಲೆ ನೆರೆಮನೆ, ಆಮೇಲೆ ನೋಡಲು ಬಂದ ನೆಂಟರಿಷ್ಟರು. ಆರೋಗ್ಯವಾಗಿದ್ದ ಬಂದರಿಗೆ ರೋಗದ ನಾಡಿನಿಂದ ಒಬ್ಬ ಬಂದಿಳಿದರೆ, ರೋಗವು ಅಲ್ಲಿ ಕಾಣಿಸಿಕೊಳ್ಳುವ ದಿನವೂ ಅವನು ಬಂದ ದಿನವೂ ಕೂಡಿಬರುತ್ತದೆ. ಆಫ್ರಿಕಾದ ಬಯಲಿನಲ್ಲಿ ಡೇರೆ ಹಾಕಿ ಬದುಕುವ ಅಲೆಮಾರಿ ಅರಬರು ಮಾತ್ರ ಸುರಕ್ಷಿತವಾಗಿದ್ದರು.

ಪ್ಲೇಗಿನ ರೋಗಾಣುವನ್ನು ಅಲೆಕ್ಸಾಂಡರ್ ಯೆರ್ಸಿನ್ ಹಾಂಗ್‌ಕಾಂಗಿನಲ್ಲಿ ಪತ್ತೆ ಹಚ್ಚಿದ್ದು 1894ರಲ್ಲಿ. ಇಲಿಯ ಮೈಮೇಲಿನ ಚಿಗಟಗಳು ರೋಗ ಹರಡುತ್ತವೆ, ಶ್ವಾಸಕೋಶಕ್ಕೆ ತಗಲಿದರೆ ಕೆಮ್ಮಿನಿಂದಲೂ ಹರಡುತ್ತದೆ ಎಂಬುದೆಲ್ಲ ಇಂದು ನಮಗೆ ಗೊತ್ತು. ಇಬ್ನುಲ್ ಖತೀಬರಿಗೆ ಚಿಗಟದ ಪಾತ್ರ ಗೊತ್ತಿರಲಿಲ್ಲ. ಓಲೆಯ ವಿಷಯದಲ್ಲಿ ಅವರ ಊಹೆ ತಪ್ಪಿರಲೂಬಹುದು. ಆದರೆ ಜನರು ಏನು ಮಾಡಬೇಕು, ಏನು ಮಾಡಬಾರದು ಎಂಬ ವಿಷಯದಲ್ಲಿ ಅವರು ತಪ್ಪಲಿಲ್ಲ.

ಅವರು ಹೇಳುವ ಒಂದು ಘಟನೆಯನ್ನು ನೀವು ಕೇಳಲೇಬೇಕು. ಮೊರೊಕ್ಕೊದ ಸಲೆ ಪಟ್ಟಣದಲ್ಲಿ ಇಬ್ನು ಅಬೀ ಮದ್‌ಯನ್ ಎಂಬ ಸಜ್ಜನರಿದ್ದರು. ವಿರಕ್ತರು, ದೇವಭಕ್ತರು. ರೋಗವು ದಾಟುತ್ತದೆಂದು ಅವರಿಗೆ ಮನವರಿಕೆಯಾಗಿತ್ತು. ಮನೆಗೆ ಬೇಕಾದ ಆಹಾರವನ್ನು ಸಂಗ್ರಹಿಸಿಟ್ಟು, ದೊಡ್ಡ ಕುಟುಂಬದೊಂದಿಗೆ ಒಳಗೆ ಸೇರಿ ಬಾಗಿಲಿಗೇ ಗೋಡೆ ಕಟ್ಟಿಸಿಬಿಟ್ಟರು. ಪಟ್ಟಣವು ಹೆಣಗಳಿಂದ ತುಂಬಿತು. ಆ ಮನೆಯೊಳಗೆ ಒಂದು ಜೀವವೂ ಹೋಗಲಿಲ್ಲ. ಬಾಗಿಲು ಮುಚ್ಚಿದವರು ನಂಬಿಕೆ ಕಡಿಮೆಯಿದ್ದವರಲ್ಲ, ಊರಿನಲ್ಲಿ ಭಕ್ತರೆಂದು ಹೆಸರಾಗಿದ್ದವರು ಎಂಬುದನ್ನು ಗಮನಿಸಿ.

ಹಾಗಾದರೆ ಹದೀಸ್? ಇಬ್ನುಲ್ ಖತೀಬರು ಅದನ್ನು ತಳ್ಳಿಹಾಕಲಿಲ್ಲ. ಒಂದು ವಚನದ ಮೇಲ್ಮುಖದ ಅರ್ಥವು ಕಣ್ಣಾರೆ ಕಂಡ, ಮತ್ತೆ ಮತ್ತೆ ಸಾಬೀತಾದ ವಾಸ್ತವಕ್ಕೆ ವಿರುದ್ಧವಾಗಿ ತೋರಿದರೆ ಆ ವಚನಕ್ಕೆ ಸೂಕ್ತ ವ್ಯಾಖ್ಯಾನ ನೀಡಬೇಕು ಎಂಬುದು ಅವರ ನಿಲುವು. ಅದಕ್ಕೆ ಆಧಾರವನ್ನೂ ಹದೀಸಿನಿಂದಲೇ ತೋರಿಸಿದರು. ರೋಗದ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರಲ್ಲವೇ? ಸಿರಿಯಾದತ್ತ ಹೊರಟಿದ್ದ ಹಝ್ರತ್ ಉಮರ್(ರ) ಸರ್ಗ್ ಎಂಬಲ್ಲಿ ಪ್ಲೇಗಿನ ಸುದ್ದಿ ಕೇಳಿ ಹಿಂದಿರುಗಲು ನಿರ್ಧರಿಸಿದಾಗ, ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂಬ ಪ್ರಶ್ನೆ ಎದುರಾಯಿತು. ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿರುವುದಾಗಿ ಅವರು ಉತ್ತರಿಸಿದ ಘಟನೆ ನಮ್ಮ ಮಕ್ಕಳಿಗೂ ಗೊತ್ತು. ರೋಗಕ್ಕೆ ಅಲ್ಲಾಹನ ಇಚ್ಛೆಯ ಹೊರತಾದ ಸ್ವಂತ ಶಕ್ತಿಯಿಲ್ಲ ಎಂಬುದು ವಿಶ್ವಾಸದ ಮಾತು. ಅವನೇ ಇಟ್ಟ ಕಾರಣಗಳನ್ನು ಅರಿತು ನಡೆಯುವುದು ಕರ್ಮದ ಮಾತು. ಒಂದು ಇನ್ನೊಂದನ್ನು ರದ್ದುಗೊಳಿಸುವುದಿಲ್ಲ.

ಆ ಗ್ರಂಥದಲ್ಲಿ ನನ್ನನ್ನು ಅತಿ ಹೆಚ್ಚು ತಡೆದು ನಿಲ್ಲಿಸಿದ್ದು ಬೇರೊಂದು ವಿಷಯ. ಉತ್ತರ ಆಫ್ರಿಕಾದ ಕೆಲವು ದೇವಭಯವುಳ್ಳ ವಿದ್ವಾಂಸರು ತಮ್ಮ ಹಿಂದಿನ ಫತ್ವಾವನ್ನು ಹಿಂತೆಗೆದುಕೊಂಡರಂತೆ. ಸುಮ್ಮನೆ ಅಲ್ಲ, ಲಿಖಿತ ದಾಖಲೆ ಮಾಡಿಸಿ. ತಮ್ಮ ಮಾತು ಕೇಳಿ ಜನರು ತಮ್ಮನ್ನು ತಾವೇ ವಿನಾಶಕ್ಕೆ ದೂಡಿಕೊಂಡರೆ ಅದರ ಹೊಣೆ ತಮ್ಮ ಮೇಲಿರಬಾರದೆಂದು. ಆಡಿದ ಮಾತನ್ನು ಹತ್ತು ಜನರ ಮುಂದೆ ಹಿಂದಕ್ಕೆ ಪಡೆಯುವುದು ಎಷ್ಟು ಕಷ್ಟವೆಂದು ಮದ್ರಸದಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಚೆನ್ನಾಗಿ ಗೊತ್ತು.

2020ರಲ್ಲಿ ಕೊರೋನಾ ಬಂದು ಮಸೀದಿಗಳಲ್ಲಿ ಜುಮಾ ನಿಂತಾಗ, ತರಾವೀಹ್ ನಮಾಝನ್ನು ನಾವೆಲ್ಲ ಮನೆಯಲ್ಲೇ ನಿರ್ವಹಿಸಬೇಕಾಗಿ ಬಂದಾಗ, ಮೊಬೈಲಿನಲ್ಲಿ ಬಂದ ಭಾಷಣವೊಂದನ್ನು ಹಿಡಿದುಕೊಂಡು ಒಬ್ಬ ಹಿರಿಯರು ಇದೇ ಹದೀಸಿನ ಬಗ್ಗೆ ನನ್ನನ್ನು ಕೇಳಿದ್ದರು. ನಾನು ತಡವರಿಸಿದೆ. ಹದೀಸನ್ನು ಓದಿದ್ದೆ, ಆದರೆ ಈ ಮಂತ್ರಿಯ ಗ್ರಂಥದ ಪರಿಚಯ ನನಗೆ ಆಗ ಇರಲಿಲ್ಲ. ಕೆಲವು ವಾರ ಅವರು ಮಾಸ್ಕನ್ನು ಗಲ್ಲಕ್ಕಿಳಿಸಿಯೇ ತಿರುಗಾಡಿದರು.

ಇಬ್ನುಲ್ ಖತೀಬರ ಮುಂದಿನ ಬದುಕು ಸುಖವಾಗಿರಲಿಲ್ಲ. ಸುಲ್ತಾನ್ ಐದನೇ ಮುಹಮ್ಮದ್ 1359ರಲ್ಲಿ ಪದಚ್ಯುತರಾದಾಗ ಇವರೂ ಗ್ರಾನಡಾ ಬಿಟ್ಟು ಮೊರೊಕ್ಕೊಗೆ ಹೋದರು. ನೆಲೆಸಿದ್ದು ಅದೇ ಸಲೆ ಪಟ್ಟಣದಲ್ಲಿ. 1362ರಲ್ಲಿ ಸುಲ್ತಾನರಿಗೆ ಸಿಂಹಾಸನ ಮರಳಿ ಸಿಕ್ಕಿತು, ಇವರಿಗೆ ಮಂತ್ರಿಪದವಿ. ಅಧಿಕಾರದ ಜೊತೆಗೆ ಶತ್ರುಗಳೂ ಬೆಳೆದರು. 1371ರಲ್ಲಿ ಅಪಾಯವನ್ನರಿತು ಮತ್ತೆ ಕಡಲು ದಾಟಿದರು. ಗ್ರಾನಡಾದಲ್ಲಿ ಅವರ ಗ್ರಂಥಗಳನ್ನು ಸುಡಲಾಯಿತು. ದೇವಪ್ರೇಮದ ಕುರಿತು ಅವರು ಬರೆದ ಕೃತಿಯಲ್ಲಿನ ಮಾತುಗಳನ್ನು ಹಿಡಿದು ಧರ್ಮಭ್ರಷ್ಟತೆಯ ಆರೋಪ ಹೊರಿಸಲಾಯಿತು. ಅದಕ್ಕಾಗಿ ಫೆಝ್‌ಗೆ ಬಂದವರಲ್ಲಿ ಅವರ ಸ್ವಂತ ಶಿಷ್ಯ ಇಬ್ನು ಝಮ್ರಕ್ ಕೂಡ ಇದ್ದ. ಪ್ಲೇಗಿನ ಗ್ರಂಥಕ್ಕಾಗಿ ಅವರನ್ನು ಕೊಂದರೆಂದು ಭಾವಿಸಬೇಡಿ. ಅದು ಅರಮನೆಯ ಹಗೆತನ. 1374ರಲ್ಲಿ ಫೆಝ್‌ನ ಸೆರೆಮನೆಯಲ್ಲಿ ರಾತ್ರಿ ಅವರ ಕತ್ತು ಹಿಸುಕಲಾಯಿತು. ದಫನ ಮಾಡಿದ ಶವವನ್ನು ಹೊರತೆಗೆದು ಬೆಂಕಿಗೆ ಒಡ್ಡಿ, ಮತ್ತೆ ಹೂಳಲಾಯಿತು. ಮಿತ್ರರಾಗಿದ್ದ ಇತಿಹಾಸಕಾರ ಇಬ್ನು ಖಲ್ದೂನರು ಇದನ್ನೆಲ್ಲ ಬರೆದಿಟ್ಟಿದ್ದಾರೆ. ಅವರ ತಂದೆತಾಯಿಗಳೂ ಟ್ಯೂನಿಸ್‌ನಲ್ಲಿ ಅದೇ ಪ್ಲೇಗಿಗೆ ಬಲಿಯಾಗಿದ್ದರು.

ಗ್ರಾನಡಾದ ಬೆಂಕಿಗೆ ಆ ಕಿರುಗ್ರಂಥ ಸಿಕ್ಕಲಿಲ್ಲ. ಅದರ ಹಸ್ತಪ್ರತಿ ಮ್ಯಾಡ್ರಿಡ್ ಸಮೀಪದ ಎಸ್ಕೋರಿಯಲ್ ಗ್ರಂಥಾಲಯದಲ್ಲಿ ಉಳಿಯಿತು. 1863ರಲ್ಲಿ, ಯೆರ್ಸಿನ್ ರೋಗಾಣುವನ್ನು ಕಾಣುವುದಕ್ಕೆ 31 ವರ್ಷ ಮೊದಲು, ಜರ್ಮನ್ ವಿದ್ವಾಂಸರೊಬ್ಬರು ಅದನ್ನು ಅನುವಾದದೊಂದಿಗೆ ಮುದ್ರಿಸಿದರು.