ಆಸ್ಕರ್ ಬಾರ್ನಾಕ್

ಜರ್ಮನಿಯ ಲಿನೋ ಎಂಬ ಹಳ್ಳಿಯಲ್ಲಿ 1879ರಲ್ಲಿ ಜನಿಸಿದ ಆಸ್ಕರ್ ಬಾರ್ನಾಕನು ವೃತ್ತಿಯಿಂದ ಯಂತ್ರಕುಶಲಿ. ಛಾಯಾಗ್ರಹಣ ಅವನ ಹವ್ಯಾಸ. ಆದರೆ ಉಬ್ಬಸರೋಗ ಅವನನ್ನು ಬಿಡದೆ ಕಾಡುತ್ತಿತ್ತು. ಅಂದಿನ ಕ್ಯಾಮೆರಾ ಎಂದರೆ ಮರದ ದೊಡ್ಡ ಪೆಟ್ಟಿಗೆ, ಗಾಜಿನ ಫಲಕಗಳು, ಮೂರು ಕಾಲಿನ ಪೀಠ. ಇಷ್ಟನ್ನೂ ಹೊತ್ತು ಕಾಡುಮೇಡು ಅಲೆಯುವುದು ಉಸಿರಿಗಾಗಿ ಹೋರಾಡುವವನಿಗೆ ಸಾಧ್ಯವೆ? ಹವ್ಯಾಸವನ್ನು ತೊರೆಯಬೇಕು, ಇಲ್ಲವೆ ಕ್ಯಾಮೆರಾವನ್ನೇ ಕಿರಿದುಗೊಳಿಸಬೇಕು.

1911ರಲ್ಲಿ ಅವನು ವೆಟ್ಸ್ಲಾರ್ ನಗರದ ಲೈಟ್ಸ್ ಕಾರ್ಖಾನೆಯನ್ನು ಸೇರಿದನು. ಅಲ್ಲಿ ಸೂಕ್ಷ್ಮದರ್ಶಕಗಳು ತಯಾರಾಗುತ್ತಿದ್ದವು. ಚಲನಚಿತ್ರಕ್ಕೆ ಬಳಸುತ್ತಿದ್ದ 35 ಮಿಲಿಮೀಟರ್ ಅಗಲದ ಫಿಲ್ಮನ್ನು ಅವನು ಆರಿಸಿಕೊಂಡನು. ಮೇಲಿನಿಂದ ಕೆಳಕ್ಕೆ ಸರಿಯುತ್ತಿದ್ದ ಆ ಪಟ್ಟಿಯನ್ನು ಅಡ್ಡಲಾಗಿ ಹಾಯಿಸಿ, ಎರಡು ಚೌಕಟ್ಟುಗಳನ್ನು ಒಂದುಗೂಡಿಸಿದನು. ಹೀಗೆ 24 ಮತ್ತು 36 ಮಿಲಿಮೀಟರ್ ಅಳತೆಯ ಪುಟ್ಟ ನೆಗೆಟಿವ್ ದೊರೆಯಿತು. ಅದನ್ನು ಹಿಗ್ಗಿಸಿದರೆ ದೊಡ್ಡ ಚಿತ್ರ. ಉಪಾಯವೇನೋ ಸರಳ, ಆದರೆ ಹೊಳೆಯಬೇಕಲ್ಲ! 1914ರ ವೇಳೆಗೆ ಕೋಟಿನ ಜೇಬಿನಲ್ಲಿ ಅಡಗುವಂಥ ಲೋಹದ ಕ್ಯಾಮೆರಾ ಸಿದ್ಧವಾಯಿತು.

ಅಷ್ಟರಲ್ಲಿ ಮಹಾಯುದ್ಧ ಬಂದು ಕಾರ್ಯ ಸ್ಥಗಿತಗೊಂಡಿತು. 1920ರಲ್ಲಿ ವೆಟ್ಸ್ಲಾರಿಗೆ ನೆರೆ ನುಗ್ಗಿದಾಗ ಬಾರ್ನಾಕನು ಅದರಿಂದಲೇ ಜಲಾವೃತ ಬೀದಿಗಳನ್ನು ಸೆರೆಹಿಡಿದನು. ಯುದ್ಧದಲ್ಲಿ ಸೋತ ಜರ್ಮನಿಯ ಹಣಕ್ಕೆ ಆಗ ಬೆಲೆಯೇ ಉಳಿದಿರಲಿಲ್ಲ. ಇಂಥ ಆಟಿಕೆಯನ್ನು ಕೊಳ್ಳುವವರಾರೆಂದು ಸಂಸ್ಥೆಯೊಳಗೇ ವಿರೋಧವೆದ್ದಿತು. ಆದರೂ ಒಡೆಯ ಎರ್ನ್‌ಸ್ಟ್ ಲೈಟ್ಸನು 1924ರಲ್ಲಿ ಅದನ್ನು ತಯಾರಿಸಲು ನಿಶ್ಚಯಿಸಿದನು. ಮರುವರ್ಷ ಲೈಪ್ಸಿಗ್ ಮೇಳದಲ್ಲಿ ಅದು 'ಲೈಕಾ' ಎಂಬ ಹೆಸರಿನಿಂದ ಜನರೆದುರು ಬಂದಿತು.

ಬಾರ್ನಾಕನು 1936ರಲ್ಲಿ ತೀರಿಕೊಂಡನು. ಅವನ ಸ್ವಂತ ಕ್ಯಾಮೆರಾ, 105ನೆಯ ಸಂಖ್ಯೆಯದು, 2022ರ ಹರಾಜೊಂದರಲ್ಲಿ 1 ಕೋಟಿ 44 ಲಕ್ಷ ಯೂರೋಗಳಿಗೆ ಸಂಗ್ರಾಹಕರ ಪಾಲಾಯಿತು. ಅದರಿಂದ ಅವನು ತನ್ನ ಮನೆಮಂದಿಯ ಚಿತ್ರಗಳನ್ನು ತೆಗೆಯುತ್ತಿದ್ದನು.