ಸರ್ ರಾಮನಾಥ ಚೋಪ್ರಾ

ತಾಜಸುಲ್ತಾನಪುರದ ರೈತನೊಬ್ಬನು ಮಗುವಿನ ಜ್ವರಕ್ಕೆಂದು ಕಲಬುರಗಿಯ ಆಸ್ಪತ್ರೆಗೆ ಹೋಗುತ್ತಾನೆ. ವೈದ್ಯರು ಚೀಟಿ ಬರೆದು ಕೊಡುತ್ತಾರೆ. ಔಷಧಾಲಯದ ಕಿಟಕಿಯಲ್ಲಿ ಒಬ್ಬರು ಆ ಚೀಟಿಯನ್ನು ಓದಿ, ಮಗುವಿನ ವಯಸ್ಸನ್ನು ಕೇಳಿ, ಸೀಸೆಯನ್ನು ಕೊಟ್ಟು, ಎಷ್ಟು ಹೊತ್ತಿಗೆ ಎಷ್ಟು ಕುಡಿಸಬೇಕೆಂದು ತಿಳಿಸುತ್ತಾರೆ. ಸೀಸೆಯ ಮೇಲೆ ಔಷಧದ ಹೆಸರು, ಅದರ ಪ್ರಮಾಣ, ತಯಾರಾದ ದಿನ, ಕೆಡುವ ದಿನ ಇವೆಲ್ಲವೂ ಅಚ್ಚಾಗಿರುತ್ತವೆ. ರೈತನು ಅದನ್ನು ನಂಬಿ ಮನೆಗೆ ಒಯ್ಯುತ್ತಾನೆ. ಸೀಸೆಯೊಳಗೆ ಇರುವುದು ನಿಜವಾಗಿಯೂ ಔಷಧವೇ, ಅದರ ಬಲವು ಬರೆದಷ್ಟೇ ಇದೆಯೇ ಎಂಬ ಸಂದೇಹ ಅವನಿಗೆ ಬರುವುದಿಲ್ಲ. ಈ ನಂಬಿಕೆ ತಾನಾಗಿ ಬಂದುದಲ್ಲ. ಒಂದು ಶತಮಾನದ ಹಿಂದೆ ನಮ್ಮ ದೇಶದಲ್ಲಿ ಇಂಥ ನಂಬಿಕೆಗೆ ಆಧಾರವೇ ಇರಲಿಲ್ಲ. ಆ ಆಧಾರವನ್ನು ಕಟ್ಟಿಕೊಟ್ಟವರಲ್ಲಿ ಅಗ್ರಗಣ್ಯರಾದವರು ಸರ್ ರಾಮನಾಥ ಚೋಪ್ರಾ ಅವರು.

ರಾಮನಾಥ ಚೋಪ್ರಾ ಅವರು 1882ರ ಆಗಸ್ಟ್ 17ರಂದು, ಈಗ ಪಾಕಿಸ್ತಾನದಲ್ಲಿರುವ ಗುಜರಾನ್‌ವಾಲಾದಲ್ಲಿ ಜನಿಸಿದರು. ಲಾಹೋರಿನ ಸರ್ಕಾರಿ ಕಾಲೇಜಿನಲ್ಲಿ ವ್ಯಾಸಂಗ ಮಾಡಿ, 1903ರಲ್ಲಿ ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಇಂಗ್ಲೆಂಡಿಗೆ ತೆರಳಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಡೌನಿಂಗ್ ಕಾಲೇಜನ್ನು ಸೇರಿದರು. ಅಲ್ಲಿ ಅವರಿಗೆ ವಾಲ್ಟರ್ ಡಿಕ್ಸನ್ ಎಂಬ ವಿದ್ವಾಂಸರ ಶಿಷ್ಯತ್ವ ದೊರೆಯಿತು. ಔಷಧವು ದೇಹದೊಳಗೆ ಹೋದ ಮೇಲೆ ಏನು ಮಾಡುತ್ತದೆ, ಹೃದಯದ ಮೇಲೆ ಅದರ ಪರಿಣಾಮವೇನು, ಯಾವ ಪ್ರಮಾಣದಲ್ಲಿ ಅದು ಅಮೃತ, ಯಾವ ಪ್ರಮಾಣದಲ್ಲಿ ವಿಷ ಎಂಬುದನ್ನು ಅಳತೆಮಾಡಿ ತಿಳಿಯುವ ಶಾಸ್ತ್ರವು ಆಗಿನ್ನೂ ಹೊಸದಾಗಿತ್ತು. ಡಿಕ್ಸನ್ನರು ಆ ಶಾಸ್ತ್ರದ ಅಧ್ವರ್ಯುಗಳಲ್ಲಿ ಒಬ್ಬರು. ಗುರುವಿನಿಂದ ಕಲಿತ ಈ ವಿದ್ಯೆಯೇ ಚೋಪ್ರಾ ಅವರ ಬಾಳಿನ ದಾರಿಯನ್ನು ನಿರ್ಧರಿಸಿತು.

1908ರಲ್ಲಿ ಅವರು ಭಾರತೀಯ ವೈದ್ಯಕೀಯ ಸೇವೆಗೆ ಆಯ್ಕೆಯಾದರು. ಅದು ಮುಖ್ಯವಾಗಿ ಸೈನ್ಯಕ್ಕೆ ಸಂಬಂಧಿಸಿದ ಸೇವೆ; ಅದರಲ್ಲಿ ಭಾರತೀಯರ ಸಂಖ್ಯೆ ಬಹಳ ಸ್ವಲ್ಪವಾಗಿತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಚೋಪ್ರಾ ಅವರು ಪೂರ್ವ ಆಫ್ರಿಕಾದ ರಣರಂಗದಲ್ಲಿ ದುಡಿದರು. ಆ ರಣರಂಗದಲ್ಲಿ ಗುಂಡೇಟಿಗಿಂತ ಮಲೇರಿಯಾ, ಆಮಶಂಕೆಗಳಿಗೆ ತುತ್ತಾದ ಸೈನಿಕರೇ ಹೆಚ್ಚು. ತಕ್ಕ ಔಷಧವು ತಕ್ಕ ಕಾಲದಲ್ಲಿ ದೊರೆಯದಿದ್ದರೆ ವೈದ್ಯನ ಜ್ಞಾನವೆಲ್ಲವೂ ವ್ಯರ್ಥವೆಂಬುದಕ್ಕೆ ಅಂಥ ಯುದ್ಧಭೂಮಿಗಿಂತ ಬೇರೆ ನಿದರ್ಶನ ಬೇಕಿರಲಿಲ್ಲ.

1921ರಲ್ಲಿ ಕಲ್ಕತ್ತೆಯಲ್ಲಿ ಉಷ್ಣವಲಯದ ರೋಗಗಳ ಅಧ್ಯಯನಕ್ಕಾಗಿ ಹೊಸದಾಗಿ ಸ್ಥಾಪಿತವಾಗಿದ್ದ ವೈದ್ಯಶಾಲೆಯಲ್ಲಿ ಚೋಪ್ರಾ ಅವರು ಔಷಧಶಾಸ್ತ್ರದ ಪ್ರಾಧ್ಯಾಪಕರಾದರು. ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿಯೂ ಅದೇ ವಿಷಯದ ಪೀಠ ಅವರಿಗೆ ದೊರೆಯಿತು. ವೈದ್ಯಶಾಲೆಗೆ ಹೊಂದಿಕೊಂಡಂತೆ ಕಾರ್ಮೈಕೇಲ್ ಆಸ್ಪತ್ರೆಯಿತ್ತು. ಒಂದು ಕಡೆ ಪ್ರಯೋಗಶಾಲೆ, ಇನ್ನೊಂದು ಕಡೆ ರೋಗಿಗಳ ಹಾಸಿಗೆಗಳು. ಈ ಎರಡರ ನಡುವಿನ ಅಂತರವೇ ಚೋಪ್ರಾ ಅವರ ಕಾರ್ಯಕ್ಷೇತ್ರವಾಯಿತು. ಪ್ರಯೋಗಶಾಲೆಯಲ್ಲಿ ಕಂಡದ್ದನ್ನು ಹಾಸಿಗೆಯ ಬಳಿ ಪರೀಕ್ಷಿಸುವುದು, ಹಾಸಿಗೆಯ ಬಳಿ ಎದ್ದ ಪ್ರಶ್ನೆಯನ್ನು ಪ್ರಯೋಗಶಾಲೆಗೆ ಒಯ್ಯುವುದು ಅವರ ಪದ್ಧತಿ. ಇಂದು ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯರ ಜೊತೆಯಲ್ಲಿ ನಿಂತು ರೋಗಿಯ ಔಷಧಗಳನ್ನು ಪರಾಮರ್ಶಿಸುವ ಔಷಧತಜ್ಞರ ಕೆಲಸಕ್ಕೆ ಈ ಪದ್ಧತಿಯಲ್ಲಿಯೇ ಮೂಲವನ್ನು ಕಾಣಬಹುದು.

ಅವರ ಗಮನವನ್ನು ಸೆಳೆದ ವಿಷಯಗಳಲ್ಲಿ ಒಂದು, ವಿದೇಶಗಳಿಂದ ಬರುತ್ತಿದ್ದ ಔಷಧಗಳ ಸ್ಥಿತಿ. ಹೃದ್ರೋಗಕ್ಕೆ ಕೊಡುತ್ತಿದ್ದ ಡಿಜಿಟಾಲಿಸ್ ಎಂಬ ಗಿಡದ ಅರಿಷ್ಟವು ಯೂರೋಪಿನಿಂದ ಹಡಗಿನಲ್ಲಿ ಬರುತ್ತಿತ್ತು. ಅದರ ಪ್ರಮಾಣವು ಸ್ವಲ್ಪ ಹೆಚ್ಚಾದರೆ ಪ್ರಾಣಾಪಾಯ, ಕಡಿಮೆಯಾದರೆ ಪ್ರಯೋಜನವಿಲ್ಲ. ಚೋಪ್ರಾ ಅವರೂ ಅವರ ಸಹೋದ್ಯೋಗಿಗಳೂ ಇಂಥ ಅರಿಷ್ಟಗಳನ್ನು ಪರೀಕ್ಷಿಸಿದಾಗ, ನಮ್ಮ ದೇಶದ ಸೆಕೆಯಲ್ಲಿ ಅವುಗಳ ಬಲವು ಕುಗ್ಗಿಹೋಗುವುದು ಕಂಡುಬಂದಿತು. ಸೀಸೆಯ ಮೇಲಿನ ಹೆಸರು ಹಾಗೆಯೇ ಇರುತ್ತಿತ್ತು, ಬಣ್ಣವೂ ಹಾಗೆಯೇ ಇರುತ್ತಿತ್ತು, ಆದರೆ ಗುಣ ಮಾತ್ರ ಮಾಯವಾಗಿರುತ್ತಿತ್ತು. ವೈದ್ಯನು ಸರಿಯಾದ ಪ್ರಮಾಣವನ್ನೇ ಬರೆದಿದ್ದರೂ ರೋಗಿಗೆ ಸಲ್ಲುತ್ತಿದ್ದುದು ಅದರ ಒಂದು ಅಂಶ ಮಾತ್ರ. ಆದುದರಿಂದ ಔಷಧವನ್ನು ಹೆಸರಿನಿಂದಲ್ಲ, ಬಲದ ಅಳತೆಯಿಂದ ಗುರುತಿಸಬೇಕೆಂಬುದು ಅವರ ದೃಢವಾದ ಅಭಿಪ್ರಾಯವಾಯಿತು.

ಇದೇ ಕಾಲದಲ್ಲಿ ಅವರು ಈ ದೇಶದ ಗಿಡಮೂಲಿಕೆಗಳ ಕಡೆಗೂ ತಿರುಗಿದರು. ಇದರಲ್ಲಿ ಅವರಿಗೆ ಮೂರು ಉದ್ದೇಶಗಳಿದ್ದುವು. ದೇಶವು ಔಷಧಗಳ ವಿಷಯದಲ್ಲಿ ಪರಾವಲಂಬಿಯಾಗಿರಬಾರದೆಂಬುದು ಮೊದಲನೆಯದು. ಆಯುರ್ವೇದ ಹಾಗೂ ಯುನಾನಿ ವೈದ್ಯರು ತಲೆತಲಾಂತರದಿಂದ ಬಳಸುತ್ತ ಬಂದ ಮೂಲಿಕೆಗಳಲ್ಲಿ ಯಾವುದು ನಿಜವಾಗಿ ಗುಣಕಾರಿ ಎಂಬುದನ್ನು ಪರೀಕ್ಷೆಯಿಂದ ಕಂಡುಕೊಳ್ಳಬೇಕೆಂಬುದು ಎರಡನೆಯದು. ಬಡವನ ಕೈಗೆ ಎಟುಕುವ ಬೆಲೆಯಲ್ಲಿ ಔಷಧ ದೊರೆಯಬೇಕೆಂಬುದು ಮೂರನೆಯದು. ಮೂಲಿಕೆಯನ್ನು ಸರಿಯಾಗಿ ಗುರುತಿಸುವುದು, ಅದರ ಸತ್ತ್ವವನ್ನು ಬೇರ್ಪಡಿಸುವುದು, ಅದನ್ನು ಮೊದಲು ಪ್ರಾಣಿಗಳ ಮೇಲೂ ಅನಂತರ ವೈದ್ಯರ ಎಚ್ಚರಿಕೆಯಲ್ಲಿ ರೋಗಿಗಳ ಮೇಲೂ ಪರೀಕ್ಷಿಸುವುದು, ಹೀಗೆ ಹಂತಹಂತವಾಗಿ ಕೆಲಸ ನಡೆಯುತ್ತಿತ್ತು.

ನಮ್ಮ ಮಲೆನಾಡಿನವರು ಕೊಡಸಿಗವೆಂದು ಕರೆಯುವ ಗಿಡದ ತೊಗಟೆಯು ಆಮಶಂಕೆಗೆ ಹಿಂದಿನಿಂದಲೂ ಮನೆಮದ್ದು. ಆಗ ಆಸ್ಪತ್ರೆಗಳಲ್ಲಿ ಆ ರೋಗಕ್ಕೆ ಎಮೆಟೀನ್ ಎಂಬ ಔಷಧವನ್ನು ಚುಚ್ಚುತ್ತಿದ್ದರು. ಅದು ಹೃದಯಕ್ಕೆ ಹಾನಿಮಾಡುವಂಥದು. ಚೋಪ್ರಾ ಅವರು ಕೊಡಸಿಗದ ತೊಗಟೆಯ ಸತ್ತ್ವಗಳನ್ನು ಪರೀಕ್ಷಿಸಿ, ಅದರ ಹಳೆಯ ಕೀರ್ತಿ ನಿರಾಧಾರವಲ್ಲವೆಂದು ತೋರಿಸಿದರು. ಆಡುಸೋಗೆ, ಪುನರ್ನವ ಮುಂತಾದ ಮೂಲಿಕೆಗಳೂ ಅವರ ಪರೀಕ್ಷೆಗೆ ಒಳಪಟ್ಟುವು. 1933ರಲ್ಲಿ ಅವರು ತಮ್ಮ ಸಹೋದ್ಯೋಗಿಗಳೊಡನೆ ಸರ್ಪಗಂಧಿಯ ಸತ್ತ್ವವು ರಕ್ತದ ಒತ್ತಡವನ್ನು ಇಳಿಸುವ ಬಗೆಯನ್ನು ಪ್ರಕಟಿಸಿದರು. ಇತರ ಭಾರತೀಯ ವಿಜ್ಞಾನಿಗಳೂ ವೈದ್ಯರೂ ಆ ಮೂಲಿಕೆಯ ಮೇಲೆ ದುಡಿದಿದ್ದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ವಕೀಲರು ತಮ್ಮ ರೋಗಿಗಳ ಅನುಭವವನ್ನು ಪ್ರಕಟಿಸಿದ ಮೇಲೆ ಜಗತ್ತಿನ ವೈದ್ಯಲೋಕವೇ ಅದರ ಕಡೆಗೆ ತಿರುಗಿ ನೋಡಿತು.

ಹಾಗೆಂದು ಚೋಪ್ರಾ ಅವರು ಹಳೆಯದೆಲ್ಲವೂ ಹೊನ್ನೆಂದು ಹೊಗಳುವವರಾಗಿರಲಿಲ್ಲ. ಹೆಸರಾಂತ ಮೂಲಿಕೆಗಳಲ್ಲಿ ಹಲವು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಅದನ್ನೂ ಅವರು ಮುಚ್ಚುಮರೆಯಿಲ್ಲದೆ ಬರೆದರು. ಸ್ವದೇಶದ್ದೆಂಬ ಅಭಿಮಾನವಾಗಲಿ, ವಿದೇಶದ್ದೆಂಬ ಮೋಹವಾಗಲಿ ರೋಗಿಯನ್ನು ಗುಣಪಡಿಸದು. 1933ರಲ್ಲಿ ಪ್ರಕಟವಾದ ಭಾರತದ ದೇಶೀಯ ಔಷಧಗಳನ್ನು ಕುರಿತ ಅವರ ಬೃಹದ್ಗ್ರಂಥವು ಈ ನಿಷ್ಪಕ್ಷಪಾತ ಬುದ್ಧಿಗೆ ಸಾಕ್ಷಿಯಾಗಿದೆ.

ಆದರೆ ಅವರ ಬಾಳಿನ ಅತ್ಯಂತ ಮಹತ್ವದ ಕಾರ್ಯವು ಬೇರೊಂದು ದಿಕ್ಕಿನಿಂದ ಬಂದಿತು. ಆ ಕಾಲದಲ್ಲಿ ಮಲೇರಿಯಾವು ದೇಶದ ಹಳ್ಳಿಹಳ್ಳಿಗಳನ್ನು ಹಾಳುಗೆಡವುತ್ತಿತ್ತು. ಅದಕ್ಕೆ ಇದ್ದ ಮುಖ್ಯವಾದ ಔಷಧವೆಂದರೆ ಕ್ವಿನೈನು. ಅದರ ಬೇಡಿಕೆ ಹೆಚ್ಚಿದಂತೆಲ್ಲ ಬೆರಕೆಯೂ ಹೆಚ್ಚಿತು. ಕ್ವಿನೈನಿನ ಹೆಸರಿನಲ್ಲಿ ಹಿಟ್ಟು, ಸೀಮೆಸುಣ್ಣಗಳಂಥ ಪುಡಿಗಳು ಮಾರಾಟವಾದರೂ ಕೇಳುವವರಿರಲಿಲ್ಲ. ವಿಷಪದಾರ್ಥಗಳ ಬಗೆಗೂ ಅಫೀಮಿನ ಬಗೆಗೂ ಕಾನೂನುಗಳಿದ್ದುವು. ಔಷಧವು ಶುದ್ಧವಾಗಿರಬೇಕೆಂದು ವಿಧಿಸುವ ಕಾನೂನು ಇಡೀ ದೇಶಕ್ಕೆ ಅನ್ವಯಿಸುವಂತೆ ಒಂದೂ ಇರಲಿಲ್ಲ. ಔಷಧವನ್ನು ಕಲಸಿ ಕೊಡುವ ಕಂಪೌಂಡರನಿಗೆ ಇಂತಿಷ್ಟು ವಿದ್ಯೆ ಇರಲೇಬೇಕೆಂಬ ನಿಯಮವು ಬಹುಭಾಗದಲ್ಲಿ ಇರಲಿಲ್ಲ. ಯಾರು ಬೇಕಾದರೂ ಅಂಗಡಿ ತೆರೆಯಬಹುದಾಗಿತ್ತು. ಔಷಧವೆಂದು ನಂಬಿ ಕೊನೆಯ ಕಾಸನ್ನು ಕೊಟ್ಟು ಕೊಂಡ ಪುಡಿಯು ಫಲಿಸದೆ ಹೋದಾಗ, ಬಡವನು ತನ್ನ ಹಣೆಬರಹವನ್ನು ಹಳಿದುಕೊಳ್ಳುತ್ತಿದ್ದನೇ ಹೊರತು ಮಾರಿದವನನ್ನಲ್ಲ.

1927ರಲ್ಲಿ ಈ ವಿಷಯವು ದೆಹಲಿಯ ಶಾಸನಸಭೆಯಲ್ಲಿ ಚರ್ಚೆಗೆ ಬಂದಿತು. 1930ರ ಆಗಸ್ಟಿನಲ್ಲಿ ಸರ್ಕಾರವು ಔಷಧ ವಿಚಾರಣಾ ಸಮಿತಿಯನ್ನು ನೇಮಿಸಿ ಚೋಪ್ರಾ ಅವರನ್ನು ಅಧ್ಯಕ್ಷರನ್ನಾಗಿ ಮಾಡಿತು. ಸಮಿತಿಯು ವೈದ್ಯರಿಂದಲೂ ವ್ಯಾಪಾರಿಗಳಿಂದಲೂ ತಯಾರಕರಿಂದಲೂ ಸಾಕ್ಷ್ಯವನ್ನು ಸಂಗ್ರಹಿಸಿ 1931ರಲ್ಲಿ ವರದಿಯನ್ನು ಒಪ್ಪಿಸಿತು. ಔಷಧಗಳ ತಯಾರಿಕೆ, ಆಮದು, ಮಾರಾಟಗಳ ಮೇಲೆ ಇಡೀ ದೇಶಕ್ಕೆ ಒಂದೇ ಕಾನೂನು ಬೇಕು. ಔಷಧಗಳನ್ನು ಪರೀಕ್ಷಿಸಲು ಪ್ರಯೋಗಶಾಲೆಗಳು ಬೇಕು. ಔಷಧಗಾರಿಕೆಯನ್ನು ಕ್ರಮವಾಗಿ ಕಲಿತವರೇ ಔಷಧವನ್ನು ವಿತರಿಸಬೇಕು, ಅವರ ಹೆಸರುಗಳನ್ನು ನೋಂದಾಯಿಸಬೇಕು. ಇವು ವರದಿಯ ಮುಖ್ಯ ಸಲಹೆಗಳು.

ವರದಿಯು ಕೈಸೇರಿದರೂ ಸರ್ಕಾರವು ಅವಸರಪಡಲಿಲ್ಲ. ವರ್ಷಗಳು ಉರುಳಿದುವು. ಚೋಪ್ರಾ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ತಮ್ಮ ಶಾಲೆಯಲ್ಲಿ ಔಷಧಗಳ ಬಲವನ್ನು ಅಳೆಯುವ ವಿಧಾನಗಳನ್ನು ಸಿದ್ಧಗೊಳಿಸುತ್ತ, ತರುಣರನ್ನು ತರಬೇತುಗೊಳಿಸುತ್ತ ನಡೆದರು. ಕಾನೂನು ಬಂದ ದಿನ ಅದನ್ನು ನಡೆಸಬಲ್ಲ ಜನರಿಲ್ಲದಿದ್ದರೆ ಅದು ಬರಿಯ ಕಾಗದವಾಗುತ್ತಿತ್ತು. 1937ರಲ್ಲಿ ಕಲ್ಕತ್ತೆಯಲ್ಲಿ ಔಷಧಗಳ ಪರೀಕ್ಷೆಗಾಗಿ ಕೇಂದ್ರ ಪ್ರಯೋಗಶಾಲೆಯೊಂದು ಆರಂಭವಾದಾಗ ಅದರ ಹೊಣೆಯೂ ಅವರದಾಯಿತು. ಅದೇ ಸುಮಾರಿಗೆ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಹಾದೇವಲಾಲ ಶ್ರಾಫರು ಔಷಧ ವಿಜ್ಞಾನದ ಪದವಿ ಶಿಕ್ಷಣಕ್ಕೆ ಅಡಿಪಾಯ ಹಾಕುತ್ತಿದ್ದರು. ಒಬ್ಬರು ಔಷಧದ ಶುದ್ಧಿಗಾಗಿ, ಇನ್ನೊಬ್ಬರು ಔಷಧಗಾರನ ವಿದ್ಯೆಗಾಗಿ ದುಡಿದರು. ಎರಡೂ ಕೂಡಿದಾಗಲೇ ರೋಗಿಗೆ ರಕ್ಷಣೆ.

ಕೊನೆಗೆ 1940ರಲ್ಲಿ ಔಷಧ ಶಾಸನವು ಅಂಗೀಕೃತವಾಯಿತು. ವರದಿಗೂ ಶಾಸನಕ್ಕೂ ನಡುವೆ ಒಂಬತ್ತು ವರ್ಷಗಳು ಸಂದಿದ್ದುವು. ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ ಔಷಧಗಾರಿಕೆಯ ಶಾಸನವು ಜಾರಿಗೆ ಬಂದು, ವಿದ್ಯೆ ಪಡೆದು ನೋಂದಾಯಿಸಿಕೊಂಡ ಔಷಧಗಾರರೆಂಬ ಒಂದು ವರ್ಗವು ದೇಶದಲ್ಲಿ ರೂಪುಗೊಂಡಿತು. ಕಲಬುರಗಿಯು ಆಗ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1940ರ ಶಾಸನವು ಸಂಸ್ಥಾನಗಳಿಗೆ ಅನ್ವಯಿಸುತ್ತಿರಲಿಲ್ಲ. ಸಂಸ್ಥಾನಗಳು ಭಾರತದಲ್ಲಿ ವಿಲೀನಗೊಂಡ ಮೇಲೆ ಅದರ ರಕ್ಷಣೆ ಇಲ್ಲಿಯ ಜನರಿಗೂ ಲಭಿಸಿತು.

ಚೋಪ್ರಾ ಅವರು 1941ರಲ್ಲಿ ಕಲ್ಕತ್ತೆಯ ಸೇವೆಯಿಂದ ನಿವೃತ್ತರಾದರು. ಸರ್ ಪದವಿಯೂ ಅವರಿಗೆ ಬಂದಿತ್ತು. ವಿಶ್ರಾಂತಿಯ ವಯಸ್ಸಾದರೂ ಅವರು ವಿಶ್ರಮಿಸಲಿಲ್ಲ. ಜಮ್ಮು ಮತ್ತು ಕಾಶ್ಮೀರಕ್ಕೆ ಹೋಗಿ ಔಷಧ ಸಂಶೋಧನಾಲಯವೊಂದನ್ನು ಬೆಳೆಸಿದರು. ಹಿಮಾಲಯದ ತಪ್ಪಲಿನ ಮೂಲಿಕೆಗಳನ್ನು ಬೆಳೆಸಿ ಬಳಸುವ ಕಾರ್ಯವು ಅಲ್ಲಿ ನಡೆಯಿತು. ಮುಂದೆ ಅದು ರಾಷ್ಟ್ರೀಯ ಸಂಶೋಧನಾಲಯವಾಯಿತು. 1946ರಲ್ಲಿ ಸರ್ಕಾರವು ದೇಶೀಯ ವೈದ್ಯಪದ್ಧತಿಗಳ ವಿಚಾರವಾಗಿ ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಹಳೆಯ ಹಾಗೂ ಹೊಸ ಪದ್ಧತಿಗಳ ಒಳ್ಳೆಯ ಅಂಶಗಳನ್ನು ಒಂದುಗೂಡಿಸಬೇಕೆಂದು 1948ರಲ್ಲಿ ಆ ಸಮಿತಿಯು ಸೂಚಿಸಿತು. ಆ ಸೂಚನೆಯು ಪೂರ್ಣವಾಗಿ ಕೈಗೂಡಲಿಲ್ಲ. ಎರಡು ಕಡೆಯವರಲ್ಲಿಯೂ ಅದನ್ನು ಒಪ್ಪದವರಿದ್ದರು. ಚೋಪ್ರಾ ಅವರು ವಾದಕ್ಕಿಳಿಯದೆ ಮತ್ತೆ ತಮ್ಮ ಮೂಲಿಕೆಗಳ ಕಡೆಗೆ ಹೊರಳಿದರು. 1956ರಲ್ಲಿ, ತಮ್ಮ 74ನೆಯ ವಯಸ್ಸಿನಲ್ಲಿ, ಇಬ್ಬರು ಸಹಲೇಖಕರೊಡನೆ ಭಾರತದ ಔಷಧಸಸ್ಯಗಳ ಕೋಶವೊಂದನ್ನು ಹೊರತಂದರು.

1973ರಲ್ಲಿ ಅವರು ತಮ್ಮ 90ನೆಯ ವಯಸ್ಸಿನಲ್ಲಿ ಕೀರ್ತಿಶೇಷರಾದರು. 1983ರಲ್ಲಿ ಭಾರತದ ಅಂಚೆ ಇಲಾಖೆಯು ಅವರ ಸ್ಮರಣಾರ್ಥವಾಗಿ ಅಂಚೆಚೀಟಿಯನ್ನು ಹೊರಡಿಸಿತು.

ಅವರು ತೆರೆದ ದಾರಿಯು ಅವರ ಕಾಲಕ್ಕೆ ಮುಗಿಯಲಿಲ್ಲ. 1990ರ ದಶಕದಲ್ಲಿ ಮೈಸೂರಿನ ಜೆ.ಎಸ್.ಎಸ್. ಔಷಧ ವಿಜ್ಞಾನ ಕಾಲೇಜಿನಲ್ಲಿ, ಆಸ್ಪತ್ರೆಯ ವಾರ್ಡುಗಳಲ್ಲಿಯೇ ವೈದ್ಯರ ಜೊತೆ ದುಡಿಯುವ ಔಷಧತಜ್ಞರ ಶಿಕ್ಷಣವು ಮೊದಲಾಯಿತು. ರೋಗಿಯು ಒಂದೇ ಕಾಲಕ್ಕೆ ಸೇವಿಸುವ ಔಷಧಗಳಲ್ಲಿ ಒಂದು ಇನ್ನೊಂದಕ್ಕೆ ವಿರೋಧವಾಗುವುದೇ, ಮೂತ್ರಪಿಂಡವು ಕುಂದಿದವನಿಗೆ ಪ್ರಮಾಣವನ್ನು ಇಳಿಸಬೇಕೇ, ಔಷಧದಿಂದಲೇ ಹೊಸ ತೊಂದರೆ ಹುಟ್ಟಿದೆಯೇ ಎಂದು ನೋಡುವುದು ಅವರ ಕೆಲಸ. 2008ರಲ್ಲಿ ಇದಕ್ಕಾಗಿ ಆರು ವರ್ಷಗಳ ಫಾರ್ಮ್‌.ಡಿ. ಪದವಿಯೂ ದೇಶದಲ್ಲಿ ಆರಂಭವಾಯಿತು.

ವೈದ್ಯನ ಹೆಸರನ್ನು ರೋಗಿಯು ನೆನೆಯುತ್ತಾನೆ. ಔಷಧವನ್ನು ಪರೀಕ್ಷಿಸಿದವನ ಹೆಸರು ಅವನಿಗೆ ತಿಳಿಯುವುದೇ ಇಲ್ಲ. ಚೋಪ್ರಾ ಅವರು ಆ ತಿಳಿಯದ ಕೆಲಸವನ್ನೇ ಆರಿಸಿಕೊಂಡರು. ಆಸ್ಪತ್ರೆಯ ಕಿಟಕಿಯಲ್ಲಿ ಸೀಸೆಯನ್ನು ಪಡೆದು, ಅದನ್ನು ಮಗುವಿನ ಬಾಯಿಗೆ ನಿಶ್ಚಿಂತೆಯಿಂದ ಹಾಕುವ ತಂದೆತಾಯಿಗಳ ನೆಮ್ಮದಿಯಲ್ಲಿ ಅವರ ಸೇವೆಯು ಇಂದಿಗೂ ಉಳಿದಿದೆ.