ಮಕ್ಕಳ ಹಿತೈಷಿ ಆಲಿಸ್ ಸ್ಟುವರ್ಟ್

ನೇತ್ರಾವತಿಯ ದಡದಲ್ಲಿರುವ ಪಾಣೆಮಂಗಳೂರಿನಂತಹ ಊರಿನಲ್ಲಿ ಮಾವಿನ ಮರದಿಂದಲೋ ಪೇರಳೆಯ ಮರದಿಂದಲೋ ಮಕ್ಕಳು ಬೀಳುವುದು ಹೊಸ ಸಂಗತಿಯಲ್ಲ. ಬಿದ್ದ ಮಗುವನ್ನು ಬಂಟ್ವಾಳಕ್ಕೋ ಮಂಗಳೂರಿಗೋ ಕರೆದೊಯ್ದರೆ ವೈದ್ಯರು ಕ್ಷಕಿರಣದ ಚಿತ್ರ ತೆಗೆಸುತ್ತಾರೆ. ಮೂಳೆ ಎಲ್ಲಿ ಮುರಿದಿದೆ ಎಂಬುದು ಕ್ಷಣಮಾತ್ರದಲ್ಲಿ ತಿಳಿಯುತ್ತದೆ. ಇಂದು ವಿವೇಕಿಯಾದ ವೈದ್ಯನು ಮಗುವನ್ನು ಯಂತ್ರದ ಮುಂದೆ ನಿಲ್ಲಿಸುವ ಮೊದಲು, ಈ ಚಿತ್ರ ನಿಜವಾಗಿಯೂ ಅಗತ್ಯವೇ ಎಂದು ಆಲೋಚಿಸುತ್ತಾನೆ. ವೈದ್ಯಲೋಕಕ್ಕೆ ಈ ಎಚ್ಚರವನ್ನು ಕಲಿಸಿದವರಲ್ಲಿ ಇಂಗ್ಲೆಂಡಿನ ಆಲಿಸ್ ಸ್ಟುವರ್ಟ್ ಪ್ರಮುಖರು.

ಆಲಿಸ್ 1906ರ ಅಕ್ಟೋಬರ್ 4ರಂದು ಶೆಫೀಲ್ಡ್ ನಗರದಲ್ಲಿ ಜನಿಸಿದರು. ತಂದೆ ತಾಯಿಗಳಿಬ್ಬರೂ ವೈದ್ಯರು. ಮಕ್ಕಳ ಆರೋಗ್ಯಕ್ಕಾಗಿ ದುಡಿದು ಜನರ ಪ್ರೀತಿಯನ್ನು ಗಳಿಸಿದವರು. ಮಗಳೂ ಅದೇ ಹಾದಿ ಹಿಡಿದರು. ಕೇಂಬ್ರಿಜ್‌ನಲ್ಲಿಯೂ ಲಂಡನ್ನಿನಲ್ಲಿಯೂ ವ್ಯಾಸಂಗ ಮಾಡಿ ವೈದ್ಯೆಯಾದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಮದ್ದುಗುಂಡಿನ ಕಾರ್ಖಾನೆಗಳ ಕೆಲಸಗಾರರಿಗೆ ತಗಲುತ್ತಿದ್ದ ರೋಗಗಳ ಕಾರಣವನ್ನು ಅರಸಿದರು. ರೋಗಿಯೊಬ್ಬನ ನಾಡಿ ಹಿಡಿಯುವುದಕ್ಕಿಂತ, ರೋಗವು ಯಾರಿಗೆ ಬರುತ್ತದೆ, ಯಾರಿಗೆ ಬರುವುದಿಲ್ಲ ಎಂದು ಲೆಕ್ಕ ಹಾಕಿ ಅದರ ಮೂಲವನ್ನು ಹುಡುಕುವುದು ಅವರಿಗೆ ಪ್ರಿಯವಾಯಿತು. ಯುದ್ಧಾನಂತರ ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಈ ಬಗೆಯ ಸಂಶೋಧನೆಯನ್ನೇ ಮುಂದುವರಿಸಿದರು.

ಆ ದಿನಗಳಲ್ಲಿ ಇಂಗ್ಲೆಂಡಿನ ಎಳೆಯ ಮಕ್ಕಳಲ್ಲಿ ಲ್ಯುಕೇಮಿಯ ಎಂಬ ರಕ್ತದ ಕ್ಯಾನ್ಸರ್ ಹೆಚ್ಚುತ್ತಿತ್ತು. ಕಾರಣ ಯಾರಿಗೂ ತಿಳಿದಿರಲಿಲ್ಲ. ಮಕ್ಕಳನ್ನು ಹೆತ್ತು ಸಾಕಿದ ತಾಯಂದಿರಿಗೆ, ವೈದ್ಯರ ಗಮನಕ್ಕೆ ಬಾರದ ಯಾವುದಾದರೂ ಸಂಗತಿ ನೆನಪಿರಬಹುದು ಎಂದು ಆಲಿಸ್ ಯೋಚಿಸಿದರು. ಆದರೆ ಈ ಕೆಲಸಕ್ಕೆ ಹಣ ಕೊಡುವವರು ದೊರೆಯಲಿಲ್ಲ. ಕೊನೆಗೆ ಸಾವಿರ ಪೌಂಡುಗಳ ಸಣ್ಣ ನೆರವು ದೊರೆತದ್ದು ಲೇಡಿ ಟಾಟಾ ಸ್ಮಾರಕ ನಿಧಿಯಿಂದ. ಈ ನಿಧಿಗೆ ಹೆಸರಾದ ಮೆಹರ್‌ಬಾಯಿ ಟಾಟಾ ನಮ್ಮ ನಾಡಿಗೆ ಅಪರಿಚಿತರಲ್ಲ. ಅವರ ತಂದೆ ಹೊರ್ಮಸ್‌ಜಿ ಭಾಭಾ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯಾಗಿದ್ದರು. ಮೆಹರ್‌ಬಾಯಿ 1931ರಲ್ಲಿ ಲ್ಯುಕೇಮಿಯಕ್ಕೆ ತುತ್ತಾದಾಗ, ಪತಿ ದೊರಾಬ್‌ಜಿ ಟಾಟಾ ಆ ರೋಗದ ಸಂಶೋಧನೆಗಾಗಿ ನಿಧಿಯನ್ನು ಸ್ಥಾಪಿಸಿದರು. ಹೀಗೆ ಭಾರತದ ಒಂದು ಮನೆಯ ದುಃಖವು ದೂರದ ಮಕ್ಕಳ ರಕ್ಷಣೆಗೆ ನೆರವಾಯಿತು.

ಆಲಿಸ್ ಒಂದು ಪ್ರಶ್ನಾವಳಿಯನ್ನು ಸಿದ್ಧಪಡಿಸಿ ದೇಶದ ಆರೋಗ್ಯಾಧಿಕಾರಿಗಳಿಗೆಲ್ಲ ಕಳುಹಿಸಿದರು. ಅವರು ಕ್ಯಾನ್ಸರಿನಿಂದ ಮಗುವನ್ನು ಕಳೆದುಕೊಂಡ ತಾಯಂದಿರನ್ನು ಕಂಡು ಪ್ರಶ್ನೆ ಕೇಳಿದರು. ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ತಾಯಂದಿರನ್ನೂ ಅದೇ ರೀತಿ ಕೇಳಿದರು. ಉತ್ತರಗಳನ್ನು ಹೋಲಿಸಿ ನೋಡಿದಾಗ ಒಂದು ಭೇದ ಎದ್ದು ಕಂಡಿತು. ಬಸುರಿಯಾಗಿದ್ದಾಗ ಹೊಟ್ಟೆಯ ಕ್ಷಕಿರಣ ಚಿತ್ರ ತೆಗೆಸಿಕೊಂಡವರ ಸಂಖ್ಯೆ, ಮಕ್ಕಳನ್ನು ಕಳೆದುಕೊಂಡ ತಾಯಂದಿರಲ್ಲಿ ಸುಮಾರು ಎರಡರಷ್ಟಿತ್ತು! ಈ ಫಲಿತಾಂಶವು 1956ರಲ್ಲಿ ಸಂಕ್ಷಿಪ್ತವಾಗಿಯೂ 1958ರಲ್ಲಿ ವಿಸ್ತಾರವಾಗಿಯೂ ಪ್ರಕಟವಾಯಿತು.

ಲೋಕವು ಇದನ್ನು ಸ್ವಾಗತಿಸಲಿಲ್ಲ. ರಾಂಟ್‌ಜೆನ್ 1895ರಲ್ಲಿ ಕ್ಷಕಿರಣಗಳನ್ನು ಕಂಡುಹಿಡಿದ ಮೇಲೆ ಅವು ವೈದ್ಯರ ಬಲಗೈಯಾಗಿದ್ದವು. ಹೆಚ್ಚಿನ ಪ್ರಮಾಣದ ಕಿರಣಗಳು ಚರ್ಮವನ್ನು ಸುಡುತ್ತವೆ ಎಂಬುದು ಗೊತ್ತಿದ್ದರೂ, ಅಲ್ಪ ಪ್ರಮಾಣದಿಂದ ಅಪಾಯವಿಲ್ಲವೆಂಬ ನಂಬಿಕೆ ಬಲವಾಗಿತ್ತು. ಆಗ ಇಂಗ್ಲೆಂಡಿನ ಪಾದರಕ್ಷೆಯ ಅಂಗಡಿಗಳಲ್ಲಿ ಮಕ್ಕಳ ಕಾಲಿನ ಅಳತೆ ನೋಡಲು ಸಹ ಕ್ಷಕಿರಣ ಯಂತ್ರಗಳನ್ನು ಇಟ್ಟಿದ್ದರು! ದುಃಖಿತರಾದ ತಾಯಂದಿರ ನೆನಪನ್ನು ನಂಬುವುದು ಹೇಗೆ ಎಂದು ಹಲವರು ಆಕ್ಷೇಪಿಸಿದರು. ಆಲಿಸ್ ಕಲಹಕ್ಕೆ ಇಳಿಯದೆ, ವರ್ಷ ವರ್ಷವೂ ಹೊಸ ವಿವರಗಳನ್ನು ಕೂಡಿಸುತ್ತ ಹೋದರು. 1962ರಲ್ಲಿ ಅಮೆರಿಕದ ಬ್ರಯನ್ ಮ್ಯಾಕ್‌ಮೇಹನ್, ತಾಯಂದಿರ ನೆನಪನ್ನು ಅವಲಂಬಿಸದೆ ಆಸ್ಪತ್ರೆಗಳ ದಾಖಲೆಗಳಿಂದಲೇ ಲೆಕ್ಕ ಹಾಕಿದಾಗಲೂ ಅಪಾಯ ಇರುವುದು ಕಂಡುಬಂತು. ಆದರೂ ಗರ್ಭಿಣಿಯರಿಗೆ ಕ್ಷಕಿರಣ ಹಾಯಿಸುವ ಪದ್ಧತಿ ಹಿಂದೆ ಸರಿಯಲು ಮತ್ತೂ ಅನೇಕ ವರ್ಷಗಳು ಹಿಡಿದವು. ಅದರ ಸ್ಥಾನದಲ್ಲಿ ಶಬ್ದದ ಅಲೆಗಳಿಂದ ಚಿತ್ರ ಮೂಡಿಸುವ ಅಲ್ಟ್ರಾಸೌಂಡ್ ಬಂದಿತು.

ನಿವೃತ್ತಿಯ ವಯಸ್ಸಿನಲ್ಲಿಯೂ ಆಲಿಸ್ ವಿಶ್ರಮಿಸಲಿಲ್ಲ. ಅಮೆರಿಕದ ಹ್ಯಾನ್‌ಫರ್ಡ್ ಅಣುಸ್ಥಾವರದ ಕೆಲಸಗಾರರ ಆರೋಗ್ಯವನ್ನು ಪರಿಶೀಲಿಸಿ, ಅಧಿಕಾರಿಗಳ ಅಸಮಾಧಾನಕ್ಕೂ ಗುರಿಯಾದರು. 1986ರಲ್ಲಿ ಅವರಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ದೊರೆಯಿತು. 2002ರ ಜೂನ್ ತಿಂಗಳಲ್ಲಿ, ತೊಂಬತ್ತೈದರ ಇಳಿವಯಸ್ಸಿನಲ್ಲಿ ಅವರು ತೀರಿಕೊಂಡರು.

ಆಲಿಸ್ ಕಂಡುಹಿಡಿದದ್ದು ಗರ್ಭದಲ್ಲಿರುವ ಶಿಶುವಿಗೆ ಒದಗುವ ಅಪಾಯವನ್ನು. ಗಾಯಗೊಂಡ ಮಕ್ಕಳ ವಿಷಯದಲ್ಲಿಯೂ ಅದೇ ಎಚ್ಚರ ಬೇಕಾಗಿದೆ. ಬೆಳೆಯುವ ದೇಹದಲ್ಲಿ ಜೀವಕೋಶಗಳು ಬೇಗ ಬೇಗ ವಿಭಜನೆ ಹೊಂದುವುದರಿಂದ ವಿಕಿರಣದ ಪೆಟ್ಟು ಅವಕ್ಕೆ ಹೆಚ್ಚು. ಮುಂದೆ ಬಾಳಬೇಕಾದ ವರ್ಷಗಳೂ ಹೆಚ್ಚು. ತಲೆಯ ಒಂದು ಸಿ.ಟಿ. ಸ್ಕ್ಯಾನಿನಲ್ಲಿ, ಎದೆಯ ಒಂದು ಕ್ಷಕಿರಣ ಚಿತ್ರಕ್ಕಿಂತ ಹತ್ತಾರು ಪಟ್ಟು ವಿಕಿರಣ ದೇಹವನ್ನು ಸೇರುತ್ತದೆ. ತಲೆಗೆ ಪೆಟ್ಟು ಬಿದ್ದ ನಲವತ್ತು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಅಮೆರಿಕದ ವೈದ್ಯರು ಪರೀಕ್ಷಿಸಿ, 2009ರಲ್ಲಿ ಕೆಲವು ಸೂತ್ರಗಳನ್ನು ಪ್ರಕಟಿಸಿದರು. ಮಗುವಿನ ಎಚ್ಚರ, ವಾಂತಿ, ತಲೆನೋವು, ಬಿದ್ದ ಎತ್ತರ ಮುಂತಾದವನ್ನು ಗಮನಿಸಿ, ಯಾರಿಗೆ ಸ್ಕ್ಯಾನ್ ಬೇಡವೆಂದು ಇವುಗಳಿಂದ ನಿರ್ಧರಿಸಬಹುದು. ಅಂಥವರನ್ನು ಕೆಲವು ಗಂಟೆಗಳ ಕಾಲ ಕಣ್ಣಿಟ್ಟು ನೋಡಿಕೊಂಡರೆ ಸಾಕು.

ಹಾಗೆಂದು ಕ್ಷಕಿರಣಕ್ಕೆ ಹೆದರಿ ಓಡಬೇಕಾಗಿಲ್ಲ. ಒಂದು ಚಿತ್ರದಿಂದ ಒದಗುವ ಅಪಾಯ ತೀರ ಅಲ್ಪ. ಮೆದುಳಿನೊಳಗೆ ರಕ್ತ ಸುರಿಯುತ್ತಿರುವಾಗ ಸ್ಕ್ಯಾನ್ ಮಾಡಿಸದಿದ್ದರೆ ಪ್ರಾಣಕ್ಕೇ ಸಂಚಕಾರ. ಬೇಕಾದಾಗ ಚಿತ್ರ ತೆಗೆಸಬೇಕು. ಬೇಕಾದಷ್ಟೇ ಭಾಗಕ್ಕೆ, ಮಗುವಿನ ಗಾತ್ರಕ್ಕೆ ತಕ್ಕ ಪ್ರಮಾಣದಲ್ಲಿ ಕಿರಣ ಹಾಯಿಸಬೇಕು. ಹಿಂದೆ ತೆಗೆಸಿದ ಚಿತ್ರಗಳನ್ನು ಜೋಪಾನವಾಗಿರಿಸಿ ವೈದ್ಯರಿಗೆ ತೋರಿಸಬೇಕು. ವೈದ್ಯರನ್ನು ವಿನಯದಿಂದ ಪ್ರಶ್ನಿಸುವ ಹಕ್ಕು ಪ್ರತಿಯೊಬ್ಬ ತಾಯಿಗೂ ಉಂಟು. ತಾಯಂದಿರ ಮಾತಿಗೆ ಕಿವಿಗೊಟ್ಟುದರಿಂದಲೇ ಆಲಿಸ್ ಸ್ಟುವರ್ಟ್ ಇಷ್ಟು ದೊಡ್ಡ ಸತ್ಯವನ್ನು ಕಂಡರು ಎಂಬುದನ್ನು ನಾವು ಮರೆಯಬಾರದು.